ಜಪಾನಿನ ಹಬ್ಬಕ್ಕೂ ಹವೆಗೂ ತಾಳೆ ಯಾಕಿಲ್ಲ, ಹೋಗುವುದಾದರೆ ಯಾವಾಗ ಹೋಗಬೇಕು?

ಪ್ರಶ್ನೆ: ನಾನು ಸಾಗರದ ಕಡೆಯವಳು, ನಿವೃತ್ತ ಶಿಕ್ಷಕಿ. ಮಗಳು, ಅಳಿಯ ಜಪಾನಿನ ನಾಗೋಯಾದಲ್ಲಿದ್ದಾರೆ. ಮೂರು ತಿಂಗಳು ಬಂದು ಇದ್ದು ಹೋಗಿ ಎನ್ನುತ್ತಿದ್ದಾರೆ. ನನಗೆ ಸಕುರಾ ಹೂವು ನೋಡುವ ಆಸೆ. ನಮ್ಮ ಯಜಮಾನರಿಗೆ ಹಿಮ ನೋಡಬೇಕಂತೆ. ಆದರೆ ಅವರಿಗೆ ಧೂಳು ಆಗದು, ಸೀನು ಶುರುವಾದರೆ ನಿಲ್ಲುವುದಿಲ್ಲ. ಯಾವಾಗ ಬಂದರೆ ಒಳ್ಳೆಯದು? ಇನ್ನೊಂದು ಕುತೂಹಲ. ಜಪಾನಿನ ಹಬ್ಬಗಳೆಲ್ಲ ಮಾರ್ಚ್ 3, ಮೇ 5, ಜುಲೈ 7 ಹೀಗೆ ಇಂಗ್ಲಿಷ್ ತಾರೀಖಿಗೆ ಬರುತ್ತವಲ್ಲ, ಅವರಿಗೆ ನಮ್ಮ ಹಾಗೆ ಪಂಚಾಂಗ ಇರಲಿಲ್ಲವೇ? ಅಲ್ಲಿನ ಋತು, ಹವೆ, ಹಬ್ಬಗಳನ್ನು ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ ಮೇಡಂ. ಅದೊಂದು ಗೊತ್ತಾದರೆ ಅಲ್ಲಿನ ಇಡೀ ವರ್ಷ ಅರ್ಥವಾಗುತ್ತದೆ. ಗೊತ್ತಾಗದಿದ್ದರೆ ಇದೇನು ಜನ, ಕೊರೆಯುವ ಚಳಿಯಲ್ಲಿ "ವಸಂತದ ಶುಭಾಶಯ" ಅಂತ ಕಾರ್ಡು ಕಳಿಸುತ್ತಾರಲ್ಲ ಅಂತ ತಲೆ ಕೆರೆದುಕೊಳ್ಳುತ್ತಾ ಇರಬೇಕಾಗುತ್ತದೆ. ನಾನು ಅಲ್ಲಿದ್ದ ಮೊದಲ ಎರಡು ವರ್ಷ ಹಾಗೇ ಕೆರೆದುಕೊಂಡವನು.

ಪಂಚಾಂಗ ಇತ್ತು. ಹೆಚ್ಚುಕಮ್ಮಿ ನಮ್ಮದರ ಹಾಗೇ ಇತ್ತು. ತಿಂಗಳು ಚಂದ್ರನದು, ವರ್ಷ ಸೂರ್ಯನದು, ಎರಡನ್ನೂ ಹೊಂದಿಸಲು ಮೂರು ವರ್ಷಕ್ಕೊಮ್ಮೆಯೋ ಏನೋ ಒಂದು ಅಧಿಕ ಮಾಸ. ಅಮಾವಾಸ್ಯೆ ಬಿದ್ದ ದಿನವೇ ತಿಂಗಳ ಮೊದಲ ದಿನ, 15ನೇ ದಿನದ ಹೊತ್ತಿಗೆ ಹುಣ್ಣಿಮೆ. ತಿಂಗಳುಗಳಿಗೆ ನಮ್ಮ ಚೈತ್ರ, ವೈಶಾಖದ ಹಾಗೆ ಅವರದೇ ಹೆಸರಿದ್ದರೂ ವ್ಯವಹಾರದಲ್ಲಿ ಒಂದನೇ ತಿಂಗಳು, ಎರಡನೇ ತಿಂಗಳು ಅಂತಲೇ ಎಣಿಕೆ. ಎಡವಟ್ಟಾಗಿದ್ದೇ ಇಲ್ಲಿ.

ಮೇಜಿ ಚಕ್ರವರ್ತಿಯ ಕಾಲದ ಸರ್ಕಾರ 1872ರ ಡಿಸೆಂಬರ್ 9ರಂದು ಒಂದು ಹುಕುಂ ಹೊರಡಿಸಿತು. ಇನ್ನು ಮೂರು ವಾರ ಕಳೆದರೆ, ಅಂದರೆ 1873ರ ಜನವರಿ 1ರಿಂದ, ಪಾಶ್ಚಾತ್ಯರ ಕ್ಯಾಲೆಂಡರ್ ಜಾರಿ. ಹಳೆಯ ಲೆಕ್ಕದ ಹನ್ನೆರಡನೇ ತಿಂಗಳಿಗೆ ಎರಡೇ ದಿನ ಆಯಸ್ಸು. ಮೂರನೇ ದಿನ ಬೆಳಗಾದರೆ ಹೊಸ ವರ್ಷ! ಅಷ್ಟು ಅವಸರ ಯಾಕೆ ಅಂದರೆ, ಆಗ ಸರ್ಕಾರದಲ್ಲಿದ್ದ ಓಕುಮಾ ಶಿಗೆನೊಬು ಎಂಬ ದೊಡ್ಡ ಮನುಷ್ಯರು ಆಮೇಲೆ ಹೇಳಿಕೊಂಡ ಕಾರಣ ತಮಾಷೆಯಾಗಿದೆ. ನೌಕರರಿಗೆ ತಿಂಗಳ ಸಂಬಳ ಕೊಡುವ ಪದ್ಧತಿ ಬಂದಿತ್ತು. ಮುಂದಿನ ವರ್ಷ ಅಧಿಕ ಮಾಸ ಬರುವುದಿತ್ತು, ಅಂದರೆ 13 ಸಂಬಳ. ಬೊಕ್ಕಸ ಖಾಲಿ. ಕ್ಯಾಲೆಂಡರನ್ನೇ ಬದಲಿಸಿದರೆ ಹದಿಮೂರನೆಯದು ಉಳಿಯಿತು, ಎರಡೇ ದಿನದ ಆ ಹನ್ನೆರಡನೇ ತಿಂಗಳ ಸಂಬಳವೂ ಉಳಿಯಿತು. ನಮ್ಮ ಮೇಷ್ಟ್ರುಗಳಿಗೆ ಹೀಗೆ ಮಾಡಿದ್ದರೆ ಏನಾಗುತ್ತಿತ್ತು ಅಂತ ನಿಮಗೇ ಗೊತ್ತು.

ಹಬ್ಬಗಳು ಏನಾದವು? ಸಂಖ್ಯೆ ಉಳಿಯಿತು, ಋತು ಜಾರಿತು. ಹಳೆಯ ಮೂರನೇ ತಿಂಗಳ ಮೂರನೇ ದಿನ ಅಂದರೆ ಸುಮಾರು ಏಪ್ರಿಲ್, ಪೀಚ್ ಮರ ಗುಲಾಬಿ ಬಣ್ಣದ ಹೂವು ಬಿಡುವ ಕಾಲ. ಅದಕ್ಕೇ ಅದು ಪೀಚ್ ಹಬ್ಬ, ಹೆಣ್ಣುಮಕ್ಕಳ ಹಬ್ಬ, ಮನೆಯಲ್ಲಿ ಮೆಟ್ಟಿಲು ಕಟ್ಟಿ ರಾಜ ರಾಣಿಯರ ಗೊಂಬೆ ಕೂರಿಸುತ್ತಾರೆ. ನಮ್ಮ ಕಡೆ ದಸರಾ ಗೊಂಬೆ ನೋಡಿದವರಿಗೆ ಮೊದಲ ನೋಟಕ್ಕೇ ಆತ್ಮೀಯ ಅನಿಸುತ್ತದೆ. ಈಗ ಅದೇ ಹಬ್ಬ ಮಾರ್ಚ್ 3ಕ್ಕೆ. ಹೊರಗೆ ಪೀಚ್ ಮರ ಬೋಳು. ಅಂಗಡಿಯಲ್ಲಿ ಬೆಚ್ಚಗಿನ ಮನೆಯಲ್ಲಿಟ್ಟು ಅರಳಿಸಿದ ಕೊಂಬೆ ಮಾರುತ್ತಾರೆ. ಹೊಸ ವರ್ಷದ ಕಾರ್ಡಿನ "ವಸಂತ"ದ್ದೂ ಇದೇ ಕತೆ. ಹಳೆಯ ಹೊಸ ವರ್ಷ ಬರುತ್ತಿದ್ದುದು ಫೆಬ್ರುವರಿಯ ಆಚೀಚೆ, ಚಳಿಯ ಬೆನ್ನು ಮುರಿಯುವ ಹೊತ್ತಿಗೆ. ಆಗ ವಸಂತ ಅನ್ನುವುದಕ್ಕೆ ಒಂದು ಅರ್ಥ ಇತ್ತು.

ಇದರಲ್ಲಿ ನನಗೆ ಬಹಳ ಹೊಟ್ಟೆ ಉರಿಸುವುದು ತನಬತ. ಏಳನೇ ತಿಂಗಳ ಏಳನೇ ದಿನದ ನಕ್ಷತ್ರದ ಹಬ್ಬ. ನೇಯುವ ಹುಡುಗಿ ಒಂದು ನಕ್ಷತ್ರ, ದನ ಕಾಯುವ ಹುಡುಗ ಇನ್ನೊಂದು, ನಡುವೆ ಹಾಲುಹೊಳೆ, ಅಂದರೆ ಕ್ಷೀರಪಥ. ವರ್ಷಕ್ಕೆ ಒಂದೇ ರಾತ್ರಿ ಇಬ್ಬರೂ ಸೇರಬಹುದು. ಜನ ಬಣ್ಣದ ಚೀಟಿಯಲ್ಲಿ ಹರಕೆ ಬರೆದು ಬಿದಿರಿಗೆ ಕಟ್ಟುತ್ತಾರೆ. ಆ ಹುಡುಗಿ ಯಾರು ಗೊತ್ತಾ? ನಮ್ಮ ಅಭಿಜಿತ್ ನಕ್ಷತ್ರ. ಹುಡುಗ ನಮ್ಮ ಶ್ರವಣ. ಹಳೆಯ ಲೆಕ್ಕದಲ್ಲಿ ಈ ಹಬ್ಬ ಹೆಚ್ಚಿನ ವರ್ಷ ನಮ್ಮ ನಾಗರಪಂಚಮಿ ಆದ ಒಂದೆರಡು ದಿನಕ್ಕೆ ಬರುತ್ತದೆ. ಆ ಹೊತ್ತಿಗೆ ಅಲ್ಲಿ ಮಳೆಗಾಲ ಮುಗಿದು ಆಕಾಶ ತಿಳಿಯಾಗಿರುತ್ತದೆ, ಅರ್ಧ ಚಂದ್ರ ಬೇಗ ಮುಳುಗಿ ನಕ್ಷತ್ರಕ್ಕೆ ಜಾಗ ಬಿಡುತ್ತಾನೆ. ಎಷ್ಟು ಚಂದ ಲೆಕ್ಕ ಹಾಕಿದ್ದರು ನೋಡಿ. ಈಗ ಅದನ್ನು ಜುಲೈ 7ಕ್ಕೆ ತಂದು ಕೂರಿಸಿದ್ದಾರೆ. ಜುಲೈ 7 ಅಂದರೆ ಪಕ್ಕಾ ಮಳೆಗಾಲ. ಮೋಡದ ಕೆಳಗೆ ಕೊಡೆ ಹಿಡಿದು ನಕ್ಷತ್ರದ ಹಬ್ಬ! ಜಪಾನಿನ ರಾಷ್ಟ್ರೀಯ ಖಗೋಳ ವೀಕ್ಷಣಾಲಯದವರಿಗೂ ಇದು ಸರಿಕಾಣದೆ, 2001ರಿಂದ ಹಳೆಯ ಲೆಕ್ಕದ ತನಬತ ಯಾವ ದಿನ ಬೀಳುತ್ತದೆ ಅಂತ ಪ್ರತಿ ವರ್ಷ ಬೇರೆಯಾಗಿ ತಿಳಿಸುತ್ತಾರೆ.

ಜನ ಇದಕ್ಕೆ ತಮ್ಮದೇ ದಾರಿ ಕಂಡುಕೊಂಡರು. ಕೆಲವರು ಸಂಖ್ಯೆಗೆ ಅಂಟಿಕೊಂಡರು. ಕೆಲವರು ಸುಮ್ನೆ ಒಂದು ತಿಂಗಳು ಮುಂದೆ ಹಾಕಿದರು. ಸೆಂಡೈ ಊರಿನ ದೊಡ್ಡ ತನಬತ ಆಗಸ್ಟ್ 6ರಿಂದ 8. ನಿಮ್ಮ ಮಗಳ ಊರಿನ ಹತ್ತಿರ ಅಂಜೋ ಎಂಬಲ್ಲಿಯೂ ಆಗಸ್ಟ್ ಮೊದಲಲ್ಲೇ. ಇನ್ನು ಕೆಲವು ಕಡೆ ಹಳೆಯ ಪಂಚಾಂಗ ಬಿಟ್ಟೇ ಇಲ್ಲ. ದಕ್ಷಿಣದ ಓಕಿನಾವಾ ದ್ವೀಪಗಳಲ್ಲಿ ಪಿತೃಗಳ ಹಬ್ಬ ಇಂದಿಗೂ ಚಂದ್ರನ ಲೆಕ್ಕಕ್ಕೆ. ಅಷ್ಟು ದೂರ ಯಾಕೆ, ನಾಗೋಯಾ ಪಕ್ಕದ ಇನಾಝಾವಾದಲ್ಲಿ ಕೋನೊಮಿಯಾ ದೇವಸ್ಥಾನದ "ಬೆತ್ತಲೆ ಹಬ್ಬ" ಇದೆ. ಪೂರ್ತಿ ಬೆತ್ತಲೆಯಲ್ಲ, ಲಂಗೋಟಿ ಇರುತ್ತದೆ, ಗಾಬರಿ ಬೇಡ. ಅದು ಹಳೆಯ ಮೊದಲ ತಿಂಗಳ 13ನೇ ದಿನ. ಸಾವಿರಾರು ಗಂಡಸರು ಚಳಿಯಲ್ಲಿ ಮೈಮೇಲೆ ನೀರು ಸುರಿಸಿಕೊಂಡು ನೂಕಾಡುತ್ತಾರೆ. 2024ರಲ್ಲಿ ಮೊದಲ ಸಲ ಹೆಂಗಸರ ಗುಂಪಿಗೂ, ಮೈತುಂಬ ಬಟ್ಟೆಯಲ್ಲೇ, ಹರಕೆಯ ಬಿದಿರು ಹೊತ್ತು ಒಳಗೆ ಹೋಗಲು ಬಿಟ್ಟರು. ಅದು ಫೆಬ್ರುವರಿ 22ಕ್ಕೆ ಬಿದ್ದಿತ್ತು. ಬೇರೆ ವರ್ಷ ಬೇರೆ ತಾರೀಖು.

ಇದರ ಜೊತೆಗೆ ಸೂರ್ಯನ ಲೆಕ್ಕ ಒಂದಿದೆ. ನಮ್ಮ ರೈತರು ಆರಿದ್ರಾ ಮಳೆ, ಪುಷ್ಯ ಮಳೆ, ಆಶ್ಲೇಷ ಮಳೆ ಅಂತ ಸೂರ್ಯ ನಕ್ಷತ್ರ ಹಾಯುವುದನ್ನು ನೋಡಿ ಹೇಳುತ್ತಾರಲ್ಲ, ಚಂದ್ರನ ತಿಂಗಳನ್ನು ನಂಬಿದರೆ ಬಿತ್ತನೆ ಹಿಂದೆಮುಂದೆ ಆಗುತ್ತದೆ ಅಂತ? ಅಲ್ಲೂ ಅದೇ ಕಷ್ಟ, ಅದೇ ಉಪಾಯ. ಚೀನಾದಿಂದ ಬಂದ 24 ಭಾಗಗಳು, ಒಂದೊಂದು ಸುಮಾರು 15 ದಿನ. ಅದನ್ನು ಮತ್ತೆ ಮೂರು ಮೂರು ಮಾಡಿ 72 ತುಂಡು. ಆದರೆ ಚೀನಾದ ಹವೆ ಜಪಾನಿಗೆ ಹೊಂದಬೇಕಲ್ಲ. 1685ರ ಹೊಸ ಪಂಚಾಂಗ ಮಾಡಿದ ಶಿಬುಕಾವಾ ಶುನ್ಕಾಯ್ ಈ 72ನ್ನು ಜಪಾನಿನ ಗಿಡ, ಹಕ್ಕಿ, ಮಂಜಿಗೆ ತಕ್ಕಂತೆ ತಿದ್ದಿದರು. ರೈತರು ತಮ್ಮದೂ ಕೆಲವನ್ನು ಸೇರಿಸಿಕೊಂಡಿದ್ದಾರೆ. ಫೆಬ್ರುವರಿ ಮೊದಲ ವಾರದ "ವಸಂತ ಹುಟ್ಟುವ ದಿನ"ದಿಂದ 88ನೇ ರಾತ್ರಿ, ಅಂದರೆ ಮೇ 2ರ ಸುಮಾರು, ಮಂಜಿನ ಭಯ ಮುಗಿಯಿತು, ಚಹಾ ಚಿಗುರು ಕೀಳಬಹುದು. 210ನೇ ದಿನ, ಸೆಪ್ಟೆಂಬರ್ 1ರ ಸುಮಾರು, ಭತ್ತ ಹೂ ಬಿಡುವ ಹೊತ್ತು, ಬಿರುಗಾಳಿ ಬರುತ್ತದೆ, ಹುಷಾರು.

ಹಾಗಾಗಿ ಜಪಾನಿಗರು "ನಮ್ಮಲ್ಲಿ ನಾಲ್ಕು ಋತು ಇದೆ" ಅಂತ ಹೆಮ್ಮೆಯಿಂದ ಹೇಳುವಾಗ, ಅದೂ "ನಿಮ್ಮ ದೇಶದಲ್ಲಿ ಇದೆಯಾ?" ಅಂತ ಬೇರೆ ಕೇಳುವಾಗ, ನಗು ಬರುತ್ತದೆ. ನಮ್ಮಲ್ಲಿ ಆರು ಅಂತ ಹೇಳಿ ಬಿಡಿ. ಅವರಲ್ಲಿ ನಿಜಕ್ಕೂ ಇರುವುದು 72.

ಇನ್ನು ಹವೆ. ನೀವು ಸಾಗರದವರು, ನಿಮಗೆ ಘಟ್ಟದ ಲೆಕ್ಕ ಗೊತ್ತು. ಮಳೆಗಾಳಿ ಸಮುದ್ರದ ಕಡೆಯಿಂದ ಬಂದು ಘಟ್ಟಕ್ಕೆ ಬಡಿದು ಆಗುಂಬೆಯಲ್ಲಿ ಸುರಿದು, ಚಿತ್ರದುರ್ಗಕ್ಕೆ ಹೋಗುವಷ್ಟರಲ್ಲಿ ಒಣಗಿರುತ್ತದೆ. ಜಪಾನಿನ ಮುಖ್ಯ ದ್ವೀಪ ಹೊನ್ಶುವಿನ ಬೆನ್ನಿಗೂ ಹಾಗೇ ಒಂದು ಪರ್ವತಸಾಲು ಇದೆ. ಚಳಿಗಾಲದಲ್ಲಿ ಸೈಬೀರಿಯಾದಿಂದ ಒಣ, ಕಡುತಣ್ಣನೆ ಗಾಳಿ ಬರುತ್ತದೆ. ದಾರಿಯಲ್ಲಿ ಜಪಾನ್ ಸಮುದ್ರ. ಅದರಲ್ಲಿ ದಕ್ಷಿಣದಿಂದ ಬಂದ ಬೆಚ್ಚಗಿನ ನೀರು ಹರಿಯುತ್ತಿರುತ್ತದೆ. ಗಾಳಿ ಆ ನೀರಿನ ಹಬೆ ಹೀರಿಕೊಂಡು ಬೆಟ್ಟಕ್ಕೆ ಬಡಿದರೆ, ನಮ್ಮಲ್ಲಿ ಮಳೆ, ಅವರಲ್ಲಿ ಹಿಮ. ಬೆಟ್ಟದ ಈಚೆ ಟೋಕಿಯೊದಲ್ಲಿ ಜನವರಿ ಪೂರ್ತಿ ಫಳಫಳ ಬಿಸಿಲು. ಕೊರೆಯುವ ಚಳಿ, ಆದರೆ ಒಣ ಹವೆ, ತುಟಿ ಒಡೆಯುತ್ತದೆ. ಆಚೆ ನಿಗಾತಾ ಕಡೆ ಮನೆಯ ಮೊದಲ ಮಹಡಿ ಮುಚ್ಚುವಷ್ಟು ಹಿಮ.

ನಾನು ಮೊದಲು ಇದ್ದುದು ಆ ಕಡೆಯೇ. ಒಂದು ಬೆಳಿಗ್ಗೆ ಬಾಗಿಲು ತೆಗೆಯಲು ಆಗಲಿಲ್ಲ. ಬೀಗ ಕೆಟ್ಟಿದೆ ಅಂದುಕೊಂಡು ಮನೆ ಮಾಲೀಕರಿಗೆ ಫೋನ್ ಮಾಡಿದೆ. ಅವರು ಸಲಿಕೆ ಹಿಡಿದು ಬಂದರು. ರಸ್ತೆಯ ನಡುವೆ ಸಣ್ಣ ತೂತುಗಳಿಂದ ನೀರು ಚಿಮ್ಮುವುದನ್ನು ಅವತ್ತೇ ಮೊದಲು ಗಮನಿಸಿದ್ದು. ನೆಲದಡಿಯ ನೀರು ಚಳಿಗಾಲದಲ್ಲೂ ಅಷ್ಟು ತಣ್ಣಗಿರುವುದಿಲ್ಲ, ಅದನ್ನು ಹರಿಸಿ ಹಿಮ ಕರಗಿಸುತ್ತಾರೆ. ಒಳ್ಳೆಯ ಉಪಾಯವೇ, ಆದರೆ ಬಟ್ಟೆಯ ಶೂ ಹಾಕಿಕೊಂಡವನ ಗತಿ ಕೇಳಬೇಡಿ.

ನಿಮ್ಮ ನಾಗೋಯಾ ಈ ಎರಡರ ನಡುವೆ. ಊರಿನ ವಾಯುವ್ಯಕ್ಕೆ ಇಬುಕಿ ಅಂತ ಒಂದು ಬೆಟ್ಟ. 1927ರ ಫೆಬ್ರುವರಿಯಲ್ಲಿ ಅಲ್ಲಿ 11.82 ಮೀಟರ್ ಹಿಮ ಅಳೆದಿದ್ದಾರೆ, ಅಂದರೆ ಮೂರು ಅಂತಸ್ತಿನ ಮನೆ ಮುಳುಗುವಷ್ಟು. ಆ ಕಡೆಯಿಂದ ಬೀಸುವ ಗಾಳಿಗೆ ಊರವರು "ಇಬುಕಿ ಒರೋಶಿ" ಅನ್ನುತ್ತಾರೆ, ಇಬುಕಿಯಿಂದ ಇಳಿಯುವ ಗಾಳಿ. ನಾಗೋಯಾದಲ್ಲಿ ಹಿಮ ವರ್ಷಕ್ಕೆ ಕೆಲವೇ ದಿನ. ಗಾಳಿ ಮಾತ್ರ ಚಳಿಗಾಲ ಪೂರ್ತಿ. ಜನವರಿಯ ಸರಾಸರಿ ಸುಮಾರು 5 ಡಿಗ್ರಿ.

ಸಕುರಾ ವಿಷಯಕ್ಕೆ ಬರೋಣ. ನಾಗೋಯಾದಲ್ಲಿ ಸಾಮಾನ್ಯವಾಗಿ ಮಾರ್ಚ್ ಕೊನೆಯ ವಾರ ಶುರು, ಏಪ್ರಿಲ್ ಮೊದಲ ವಾರಕ್ಕೆ ಉದುರುತ್ತದೆ. ಒಂದು ಜೋರು ಮಳೆ ಬಂದರೆ ಅದೂ ಇಲ್ಲ. ಊರಿಡೀ ಒಂದೇ ಸಲ ಅರಳುವುದಕ್ಕೆ ಕಾರಣ, ಪಾರ್ಕು, ಹೊಳೆದಂಡೆಗಳಲ್ಲಿ ಕಾಣುವ ಮರಗಳಲ್ಲಿ ಹೆಚ್ಚಿನವು ಸೊಮೆಯ್ ಯೊಶಿನೊ ಎಂಬ ಒಂದೇ ತಳಿ, ಎಲ್ಲವೂ ಕಸಿ ಕಟ್ಟಿ ಬೆಳೆಸಿದ್ದು. ಒಂದೇ ಮರದ ಸಾವಿರಾರು ಪ್ರತಿಗಳು ಅನ್ನಿ. ಹವಾಮಾನ ಇಲಾಖೆಯವರಿಗೆ ಊರೂರಿಗೂ ಒಂದು ಮಾದರಿ ಮರ ಇದೆ. ಟೋಕಿಯೊದ್ದು ಯಸುಕುನಿ ದೇವಸ್ಥಾನದಲ್ಲಿದೆ. ಅಧಿಕಾರಿ ಬಂದು ಐದಾರು ಹೂವು ಎಣಿಸಿದರೆ "ಸಕುರಾ ಅರಳಿತು" ಅಂತ ಘೋಷಣೆ, ಟಿವಿಯವರೆಲ್ಲ ಸುತ್ತ ನಿಂತಿರುತ್ತಾರೆ. ಕ್ಯೋಟೊದಲ್ಲಂತೂ ಒಂಬತ್ತನೇ ಶತಮಾನದಿಂದ ಹೂವು ಯಾವಾಗ ಅರಳಿತು ಅನ್ನುವುದು ಡೈರಿಗಳಲ್ಲಿ ಸಿಗುತ್ತದೆ. 2021ರ ಮಾರ್ಚ್ 26ಕ್ಕೆ ಅಲ್ಲಿ ಮರಗಳು ತುಂಬಿ ಅರಳಿದವು. ಆ 1200 ವರ್ಷದ ದಾಖಲೆಯಲ್ಲಿ ಅಷ್ಟು ಬೇಗ ಅರಳಿದ ಉದಾಹರಣೆ ಅಲ್ಲಿಯವರೆಗೆ ಇರಲಿಲ್ಲ. ಭೂಮಿ ಬಿಸಿಯಾಗುತ್ತಿರುವುದಕ್ಕೆ ಸಾಕ್ಷಿ ಬೇಕೆಂದವರಿಗೆ ಇದನ್ನು ತೋರಿಸಬಹುದು.

ಆದರೆ ನಿಮ್ಮ ಯಜಮಾನರನ್ನು ಆ ಹೊತ್ತಿಗೆ ಕರೆತರುವುದು ನನಗೆ ಇಷ್ಟವಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬೋಳಾದ ಬೆಟ್ಟಗಳಿಗೆ ಜಪಾನಿಗರು ಸುಗಿ ಎಂಬ ಮರವನ್ನು ನೆಟ್ಟೇ ನೆಟ್ಟರು. ಮನೆ ಕಟ್ಟಲು ಮರ ಬೇಕಿತ್ತು, ಬೇಗ ಬೆಳೆಯುತ್ತದೆ ಅಂತ. ನಮ್ಮಲ್ಲಿ ನೀಲಗಿರಿ, ಅಕೇಶಿಯಾ ನೆಟ್ಟ ಕತೆಯೇ. ಆಮೇಲೆ ಹೊರದೇಶದ ಮರ ಅಗ್ಗವಾಗಿ ಬಂತು, ಕಡಿಯುವವರು ಇಲ್ಲ. ಮರಗಳು ಬಲಿತವು. ಈಗ ಫೆಬ್ರುವರಿಯಿಂದ ಏಪ್ರಿಲ್ ತನಕ ಬೆಟ್ಟದಿಂದ ಹಳದಿ ಹೊಗೆಯಂತೆ ಪರಾಗ ಏಳುತ್ತದೆ. ಅದರ ಬಾಲ ಹಿಡಿದು ಹಿನೊಕಿ ಮರದ್ದು. ಹತ್ತರಲ್ಲಿ ನಾಲ್ಕು ಮಂದಿಗೆ ಸೀನು, ಕಣ್ಣುರಿ. ಅಲ್ಲಿನ ಜನ ಮಾಸ್ಕ್ ಹಾಕುವುದನ್ನು ಕೊರೊನಾಗಿಂತ ಎಷ್ಟೋ ಮೊದಲೇ ರೂಢಿ ಮಾಡಿಕೊಂಡದ್ದಕ್ಕೆ ಇದೂ ಒಂದು ಕಾರಣ. ಬಂದ ಮೊದಲ ವರ್ಷವೇ ಎಲ್ಲರಿಗೂ ಹತ್ತಿಕೊಳ್ಳುವುದಿಲ್ಲ, ನಿಜ. ಆದರೆ ಮೊದಲೇ ಅಲರ್ಜಿ ಇರುವವರನ್ನು ಇಟ್ಟು ಪರೀಕ್ಷೆ ಮಾಡುವುದು ಬೇಡ. ನಿಮ್ಮ ಸಕುರಾಗೆ ಬೇರೆ ದಾರಿ ಇದೆ, ಆಮೇಲೆ ಹೇಳುತ್ತೇನೆ.

ಮೇ ತಿಂಗಳ ಹವೆ ವರ್ಷದಲ್ಲೇ ಚೆನ್ನ. ಮೇ 5 ಮಕ್ಕಳ ದಿನ. ಬಟ್ಟೆಯ ಮೀನುಗಳನ್ನು ಕಂಬಕ್ಕೆ ಕಟ್ಟಿ ಗಾಳಿಗೆ ಈಜಲು ಬಿಡುತ್ತಾರೆ. ಏಪ್ರಿಲ್ ಕೊನೆಯಿಂದ ಮೇ 5ರ ತನಕ ಸಾಲು ಸಾಲು ರಜೆ. ಇಡೀ ದೇಶ ರೈಲಿನಲ್ಲಿರುತ್ತದೆ. ಆಗ ಎಲ್ಲಿಗೂ ಹೋಗಬೇಡಿ.

ಜೂನ್ ಮೊದಲ ವಾರ ನಾಗೋಯಾಕ್ಕೆ ಮಳೆಗಾಲ ಬರುತ್ತದೆ. ಹೆಸರು ತ್ಸುಯು, ಬರೆಯುವುದು "ಪ್ಲಮ್" ಮತ್ತು "ಮಳೆ" ಎಂಬ ಎರಡು ಅಕ್ಷರದಲ್ಲಿ, ಪ್ಲಮ್ ಹಣ್ಣು ಮಾಗುವ ಹೊತ್ತಿನ ಮಳೆ. ಉತ್ತರದ ಓಕೊತ್ಸ್ಕ್ ಸಮುದ್ರದ ತಣ್ಣನೆ ಗಾಳಿಯೂ ದಕ್ಷಿಣದ ಪೆಸಿಫಿಕ್ ಕಡೆಯ ಬೆಚ್ಚನೆ ಗಾಳಿಯೂ ಒಂದಕ್ಕೊಂದು ಎದುರಾಗಿ, ಯಾರೂ ಸೋಲದೆ ವಾರಗಟ್ಟಲೆ ಅಲ್ಲೇ ನಿಂತರೆ ಆ ಗಡಿಯುದ್ದಕ್ಕೂ ಮಳೆ. ಓಕಿನಾವಾಕ್ಕೆ ಮೇ ತಿಂಗಳಲ್ಲೇ ಬಂದು, ನಿಧಾನವಾಗಿ ಮೇಲೆ ಹತ್ತಿ, ಜುಲೈ 20ರ ಆಚೀಚೆ ನಾಗೋಯಾ ಬಿಡುತ್ತದೆ. ಉತ್ತರ ತುದಿಯ ಹೊಕ್ಕೈಡೊ ದ್ವೀಪಕ್ಕೆ ಮಳೆಗಾಲವೇ ಇಲ್ಲ ಅಂತ ಲೆಕ್ಕ. ಮಲೆನಾಡಿನವರಿಗೆ ಇದು ಮಳೆ ಅನ್ನಿಸುವುದೇ ಇಲ್ಲ, ಸೋನೆ ಅಷ್ಟೆ. ನಾಗೋಯಾದಲ್ಲಿ ವರ್ಷಪೂರ್ತಿ ಬೀಳುವುದು ಸುಮಾರು 1600 ಮಿಲಿಮೀಟರ್. ಆದರೆ ಬೂಷ್ಟು ಮಾತ್ರ ನಮ್ಮೂರಿನದೇ. ಬಟ್ಟೆ ಒಣಗದು, ಚರ್ಮದ ಚಪ್ಪಲಿ ಹಸಿರಾಗುತ್ತದೆ. ಕೊನೆಯಲ್ಲಿ ಈ ಸೋನೆಯೇ ರೌದ್ರವಾಗುವುದೂ ಉಂಟು. 2018ರ ಜುಲೈನಲ್ಲಿ ಪಶ್ಚಿಮ ಜಪಾನಿನಲ್ಲಿ 200ಕ್ಕೂ ಹೆಚ್ಚು ಜನ ಸತ್ತರು.

ಬೇಸಿಗೆಗೆ ಬರಬೇಡಿ ಅಂತಲೇ ಹೇಳುತ್ತೇನೆ. ನಾಗೋಯಾದ ಆಗಸ್ಟ್ ಅಂದರೆ ಮಂಗಳೂರಿನ ಮೇ ತಿಂಗಳು, ಕಡಲಗಾಳಿ ಮಾತ್ರ ಇಲ್ಲ. ಹಗಲು 35 ದಾಟುವುದು ಸಾಮಾನ್ಯ, ರಾತ್ರಿಯೂ 25ಕ್ಕಿಂತ ಇಳಿಯದು. ಆದರೆ ಒಂದು ಕಷ್ಟ, ಒಳ್ಳೊಳ್ಳೆಯ ಹಬ್ಬಗಳೆಲ್ಲ ಈ ಸೆಕೆಯಲ್ಲೇ. ಅದಕ್ಕೂ ಕಾರಣ ಇದೆ. ನಗರಗಳಲ್ಲಿ ಬೇಸಿಗೆ ಅಂದರೆ ರೋಗದ ಕಾಲ, ಹಬ್ಬ ಮಾಡುತ್ತಿದ್ದುದೇ ರೋಗ ಓಡಿಸಲು. ನಮ್ಮ ಮಾರಿ ಜಾತ್ರೆಯ ತರ್ಕವೇ ಅಲ್ವಾ? ಸಾಗರದವರಿಗೆ ಮಾರಿಜಾತ್ರೆ ಬಗ್ಗೆ ನಾನೇನು ಹೇಳಲಿ. ಕ್ಯೋಟೊದ ಗಿಯೋನ್ ಹಬ್ಬದ ಮೂಲ 869ರ ಒಂದು ಸಾಂಕ್ರಾಮಿಕ. ದೇಶದಲ್ಲಿ ಆಗಿದ್ದ 66 ಪ್ರಾಂತಗಳ ಲೆಕ್ಕಕ್ಕೆ 66 ಈಟಿ ನೆಟ್ಟು ಪೂಜೆ ಮಾಡಿದರಂತೆ. ಇವತ್ತು ಜುಲೈ 17 ಮತ್ತು 24ಕ್ಕೆ ಎಳೆಯುವ ಭಾರಿ ತೇರುಗಳ ತುದಿಯಲ್ಲಿ ಆ ಈಟಿಯೇ ನಿಂತಿದೆ. ತಿರುವಿನಲ್ಲಿ ತೇರು ತಿರುಗಿಸಲು ಚಕ್ರದಡಿ ಬಿದಿರಿನ ಸೀಳು ಹಾಸಿ, ನೀರು ಹಾಕಿ, ಎಳೆದು ಜಾರಿಸುತ್ತಾರೆ. ನಮ್ಮ ತೇರಿಗೆ ಮರದ ದಿಮ್ಮಿ ಕೊಟ್ಟು ದಾರಿ ತಿದ್ದುತ್ತಾರಲ್ಲ, ಅದನ್ನು ನೋಡಿ ಬೆಳೆದವರಿಗೆ ಇದು ಬಹಳ ಹಿಡಿಸುತ್ತದೆ.

ಗಿಯೋನ್ ಅನ್ನುವ ಹೆಸರು ಎಲ್ಲಿಯದು? ಶ್ರಾವಸ್ತಿಯಲ್ಲಿ ಬುದ್ಧ ಇದ್ದ ಜೇತವನ ವಿಹಾರಕ್ಕೆ ಜಪಾನಿಗರು ಕರೆಯುವ ಹೆಸರು. ಆ ವಿಹಾರದ ಕಾವಲು ದೇವರು ಅಂತ ನಂಬಿದ ಎತ್ತಿನ ತಲೆಯ ಗೋಝು ತೆನ್ನೋನೇ ಇಲ್ಲಿ ರೋಗದಿಂದ ಕಾಯುವ ದೇವರಾಗಿದ್ದ. 1868ರಲ್ಲಿ ಸರ್ಕಾರ ಬೌದ್ಧ ದೇವರನ್ನೂ ಜಪಾನಿನದೇ ಆದ ಶಿಂತೊ ಧರ್ಮದ ದೇವರನ್ನೂ ಬೇರ್ಪಡಿಸಿತು. ಆಗಿನಿಂದ ಅಲ್ಲಿ ಸುಸನೊಒ ಎಂಬ ಶಿಂತೊ ದೇವರು. ನಾಗೋಯಾ ಹತ್ತಿರದ ತ್ಸುಶಿಮಾ ದೇವಸ್ಥಾನವೂ ಇದೇ ಎತ್ತಿನ ತಲೆಯವನ ದೊಡ್ಡ ಕ್ಷೇತ್ರವಾಗಿತ್ತು. ಜುಲೈ ನಾಲ್ಕನೇ ಶನಿವಾರ ರಾತ್ರಿ ಅಲ್ಲಿ ದೋಣಿಗಳ ಮೇಲೆ ಗುಡ್ಡದ ಹಾಗೆ ನೂರಾರು ಕಾಗದದ ದೀಪ ಹೊತ್ತಿಸಿ ನೀರಿಗೆ ಬಿಡುತ್ತಾರೆ. ನಾನು ನೋಡಿದ ಜಪಾನಿ ಹಬ್ಬಗಳಲ್ಲಿ ಇದಕ್ಕೇ ನನ್ನ ಓಟು. ಕ್ಯೋಟೊದ ನೂಕುನುಗ್ಗಲು ಇಲ್ಲಿಲ್ಲ.

ಇನ್ನು ಓಬೋನ್. ಇದು ಹಳೆಯ ಏಳನೇ ತಿಂಗಳ ಹುಣ್ಣಿಮೆಯ ಪಿತೃಹಬ್ಬ. ಮೂಲ ಸಂಸ್ಕೃತದ "ಉಲ್ಲಂಬನ" ಅಂತ ಹೇಳುತ್ತಾ ಬಂದಿದ್ದಾರೆ. ಬುದ್ಧನ ಶಿಷ್ಯ ಮೌದ್ಗಲ್ಯಾಯನ, ಪ್ರೇತಲೋಕದಲ್ಲಿ ಹಸಿದು ಒದ್ದಾಡುತ್ತಿದ್ದ ತಾಯಿಯನ್ನು ಭಿಕ್ಷುಗಳಿಗೆ ಅನ್ನ ಕೊಟ್ಟು ಬಿಡಿಸಿದ ಕತೆ. ಈಗ ಟೋಕಿಯೊದ ಕೆಲವು ಭಾಗದಲ್ಲಿ ಜುಲೈ 13ರಿಂದ 16, ದೇಶದ ಉಳಿದ ಹೆಚ್ಚಿನ ಕಡೆ ಆಗಸ್ಟ್ 13ರಿಂದ 16. ಮೊದಲ ಸಂಜೆ ಬಾಗಿಲಲ್ಲಿ ಸಣ್ಣ ಬೆಂಕಿ ಹಾಕಿ ಹಿರಿಯರನ್ನು ಕರೆಯುತ್ತಾರೆ, ಕೊನೆಯ ದಿನ ಬೆಂಕಿ ಹಾಕಿ ಕಳಿಸುತ್ತಾರೆ. ಸೌತೆಕಾಯಿಗೆ ಕಡ್ಡಿ ಚುಚ್ಚಿ ಕುದುರೆ, ಬದನೆಕಾಯಿಗೆ ಚುಚ್ಚಿ ಹಸು. ಬರುವಾಗ ಕುದುರೆಯ ಮೇಲೆ ಬೇಗ ಬರಲಿ, ಹೋಗುವಾಗ ಹಸುವಿನ ಮೇಲೆ ನಿಧಾನವಾಗಿ ಹೋಗಲಿ ಅಂತ. ಮೊದಲ ಸಲ ಪಕ್ಕದ ಮನೆಯ ಅಜ್ಜಿ ಇದನ್ನು ವಿವರಿಸಿದಾಗ ನನಗೆ ಮಾತು ಬರಲಿಲ್ಲ. ಊರಿನಲ್ಲಿ ಮಹಾಲಯದ ಎಡೆ ನೆನಪಾಯಿತು. ವ್ಯತ್ಯಾಸವೂ ಇದೆ. ನಮ್ಮಲ್ಲಿ ಪಿತೃಪಕ್ಷ ಅಂದರೆ ಶುಭಕಾರ್ಯ ಇಲ್ಲ. ಅವರಲ್ಲಿ ರಾತ್ರಿ ಬಯಲಲ್ಲಿ ಡೋಲು ಬಡಿದು ಸುತ್ತು ಕಟ್ಟಿ ಕುಣಿಯುತ್ತಾರೆ, ಯಾರು ಬೇಕಾದರೂ ಸೇರಬಹುದು, ಹೆಜ್ಜೆ ತಪ್ಪಿದರೆ ಯಾರೂ ಏನೂ ಅನ್ನುವುದಿಲ್ಲ. ಕ್ಯೋಟೊದಲ್ಲಿ ಆಗಸ್ಟ್ 16ರ ರಾತ್ರಿ ಐದು ಬೆಟ್ಟಗಳ ಮೇಲೆ ಬೆಂಕಿಯಲ್ಲಿ ಅಕ್ಷರ, ಚಿತ್ರ ಬರೆದು ಹಿರಿಯರನ್ನು ಬೀಳ್ಕೊಡುತ್ತಾರೆ. ಸರ್ಕಾರಿ ಪಟ್ಟಿಯಲ್ಲಿ ಓಬೋನಿಗೆ ರಜೆಯೇ ಇಲ್ಲ, ಆದರೂ ಕಾರ್ಖಾನೆಗಳು ಮುಚ್ಚಿರುತ್ತವೆ.

ಸೆಪ್ಟೆಂಬರ್ ಬಿರುಗಾಳಿಯ ತಿಂಗಳು. ಜಪಾನಿಗರು ಬಿರುಗಾಳಿಗೆ ಹೆಸರಿಗಿಂತ ನಂಬರ್ ಹೇಳುತ್ತಾರೆ, 15ನೇ ನಂಬರ್, 19ನೇ ನಂಬರ್ ಅಂತ. ನಾಗೋಯಾದ ಹಳಬರಿಗೆ ಮಾತ್ರ ಒಂದು ಹೆಸರು ಮರೆಯದು, 1959ರ ಸೆಪ್ಟೆಂಬರ್ 26ರ ಇಸೆ ಕೊಲ್ಲಿಯ ಬಿರುಗಾಳಿ. ಸಮುದ್ರ ಉಕ್ಕಿ ತಗ್ಗಿನ ಬಡಾವಣೆಗಳು ಮುಳುಗಿ 5000ಕ್ಕೂ ಹೆಚ್ಚು ಜನ ಸತ್ತರು ಇಲ್ಲವೇ ಕಾಣೆಯಾದರು. ಈಗ ಮುನ್ಸೂಚನೆ ಚೆನ್ನಾಗಿದೆ, ರೈಲು ನಿಲ್ಲಿಸುತ್ತೇವೆ ಅಂತ ಹಿಂದಿನ ದಿನವೇ ಹೇಳುತ್ತಾರೆ. ಆಗ ಮನೆಯಲ್ಲಿದ್ದರೆ ಆಯಿತು.

"ಸೆಕೆಯಾಗಲಿ ಚಳಿಯಾಗಲಿ ಹಿಗನ್ ತನಕ" ಅಂತ ಅಲ್ಲಿ ಮಾತಿದೆ. ಹಿಗನ್ ಅಂದರೆ ಹಗಲು ರಾತ್ರಿ ಸಮ ಆಗುವ ದಿನದ ಆಚೀಚೆಯ ಒಂದು ವಾರ. ಸಮಾಧಿಗೆ ಹೋಗಿ ತೊಳೆದು ಹೂವಿಟ್ಟು ಬರುತ್ತಾರೆ. ಆ ವಾರಕ್ಕೇ ಸರಿಯಾಗಿ ಗದ್ದೆಯ ಬದುಗಳಲ್ಲಿ ಹಿಗನ್‌ಬಾನಾ ಎಂಬ ಕೆಂಪು ಹೂವು ಎಲೆಯೇ ಇಲ್ಲದೆ ನೆಲದಿಂದ ಎದ್ದು ನಿಲ್ಲುತ್ತದೆ. ಅದರ ಗೆಡ್ಡೆ ವಿಷ. ಇಲಿ, ಹೆಗ್ಗಣ ಬದು ಕೊರೆಯದಿರಲಿ ಅಂತ ನೆಟ್ಟಿದ್ದು ಅನ್ನುತ್ತಾರೆ. ಹಳೆಯ ಎಂಟನೇ ತಿಂಗಳ 15ರ ರಾತ್ರಿ ಚಂದ್ರ ನೋಡುವ ಹಬ್ಬ. ಇದೊಂದನ್ನು ಸರ್ಕಾರಕ್ಕೂ ಸರಿಸಲು ಆಗಲಿಲ್ಲ. ಇಂಗ್ಲಿಷ್ ತಾರೀಖಿಗೆ ಹುಣ್ಣಿಮೆ ಬರಬೇಕಲ್ಲ! ಹಾಗಾಗಿ ಅದು ಇಂದಿಗೂ ನಮ್ಮ ಭಾದ್ರಪದದ ಹುಣ್ಣಿಮೆಗೋ, ಕೆಲವು ವರ್ಷ ಆಶ್ವೀಜದ ಹುಣ್ಣಿಮೆಗೋ ಬರುತ್ತದೆ. ಅಕ್ಕಿಹಿಟ್ಟಿನ ಉಂಡೆ, ಒಂದು ಹೂದಾನಿಯಲ್ಲಿ ಸುಸುಕಿ ಹುಲ್ಲಿನ ತೆನೆ, ಅಷ್ಟೇ ಪೂಜೆ.

ಈಗ ನಿಮ್ಮ ಪ್ರವಾಸ. ಅಕ್ಟೋಬರ್ 8ಕ್ಕೆ ಬಂದು ಜನವರಿ 5ಕ್ಕೆ ಹೊರಡಿ. ಸರಿಯಾಗಿ 90 ದಿನ. ಬಂದ ಮರುದಿನವೇ ತಕಯಾಮಾಕ್ಕೆ ಹೋಗುವ ಶಕ್ತಿ ಇದ್ದರೆ, ಅಲ್ಲಿನ ಶರತ್ಕಾಲದ ತೇರು ಅಕ್ಟೋಬರ್ 9 ಮತ್ತು 10. ತೇರಿನ ಮೇಲೆ ಸೂತ್ರದ ಗೊಂಬೆ ಆಡಿಸುತ್ತಾರೆ. ಆಯಾಸ ಆಗುತ್ತದೆ ಅಂದರೆ ಬಿಡಿ. ಅಕ್ಟೋಬರಿನಲ್ಲಿಯೂ ಒಂದೊಂದು ಬಿರುಗಾಳಿ ಬರಬಹುದು, 2019ರಲ್ಲಿ 12ನೇ ತಾರೀಖಿಗೆ ಬಂದಿತ್ತು. ನವೆಂಬರ್ 15ರ ಸುಮಾರಿಗೆ ಯಾವ ದೇವಸ್ಥಾನಕ್ಕೆ ಹೋದರೂ ಮೂರು, ಐದು, ಏಳು ವರ್ಷದ ಮಕ್ಕಳು ಕಿಮೋನೊ ಉಟ್ಟು ಉದ್ದನೆಯ ಮಿಠಾಯಿ ಚೀಲ ಹಿಡಿದು ನಿಂತಿರುತ್ತಾರೆ.

ಸಕುರಾ ಎಲ್ಲಿ ಅಂದಿರಾ? ನಾಗೋಯಾದಿಂದ ಪೂರ್ವಕ್ಕೆ ಟೊಯೊಟಾ ನಗರದ ಗುಡ್ಡಗಳಲ್ಲಿ ಒಬಾರಾ ಎಂಬ ಜಾಗ ಇದೆ. ಅಲ್ಲಿ ಶಿಕಿಝಕುರಾ ಎಂಬ ತಳಿಯ ಮರಗಳು. ವಸಂತದಲ್ಲಿ ಒಂದಿಷ್ಟು ಅರಳುತ್ತವೆ, ಮತ್ತೆ ನವೆಂಬರಿನಲ್ಲಿ ತುಂಬಿ ಅರಳುತ್ತವೆ. ಹಿಂದೆ ಮೇಪಲ್ ಮರ ಕೆಂಡದಂತೆ ಕೆಂಪು, ಮುಂದೆ ತಿಳಿಗುಲಾಬಿ ಸಕುರಾ, ಎರಡೂ ಒಂದೇ ಕಣ್ಣಳತೆಯಲ್ಲಿ. ಮಾರ್ಚಿನ ಸಕುರಾದಷ್ಟು ದಟ್ಟ ಇರುವುದಿಲ್ಲ, ಹೂವು ಸಣ್ಣದು, ಸುಳ್ಳು ಹೇಳುವುದಿಲ್ಲ. ಆದರೆ ಸುಗಿಯ ಪರಾಗ ಇಲ್ಲ. ಅದೇ ನಗರದ ಕೊರಾಂಕೆಯ್ ಕಣಿವೆಯ ಮೇಪಲ್ ಕೂಡ ನವೆಂಬರ್ ಮಧ್ಯದಿಂದ ಕೊನೆಯವರೆಗೆ ಚೆನ್ನ. ಶನಿವಾರ ಭಾನುವಾರ ಬಿಟ್ಟು ಹೋಗಿ, ಒಂದೇ ರಸ್ತೆ, ಕಾರು ಕದಲುವುದಿಲ್ಲ.

ಹಿಮಕ್ಕೆ ಡಿಸೆಂಬರ್ ಕೊನೆಯಲ್ಲಿ ಶಿರಕಾವಾ ಹಳ್ಳಿ. ಹುಲ್ಲು ಹೊದಿಸಿದ ಕಡಿದಾದ ಸೂರಿನ ಮನೆಗಳು, 1995ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು. ನಾಗೋಯಾದಿಂದ ಬಸ್ ಇದೆ, ಮೂರು ಗಂಟೆಯ ದಾರಿ. ಮೇಲೆ ಹೇಳಿದ ಸೈಬೀರಿಯಾ ಗಾಳಿ ಜೋರಾಗಿ ಬಂದ ಮೇಲೆ ಹೋಗಿ. ಟಿವಿಯಲ್ಲಿ ನಿಗಾತಾ, ತೊಯಾಮಾ ಕಡೆ ಹಿಮದ ಸುದ್ದಿ ಬಂತು ಅಂದರೆ ಅಲ್ಲೂ ಬಿದ್ದಿರುತ್ತದೆ. ರಬ್ಬರ್ ಅಡಿಯ ಬೂಟು ಅಲ್ಲೇ ಕೊಳ್ಳಿ, ಇಲ್ಲಿಂದ ಹೊರಬೇಡಿ. ಕಂಬಳಿಯೂ ಬೇಡ. ಮನೆಗಳು ಒಳಗೆ ತಣ್ಣಗೇ ಇರುತ್ತವೆ, ಗೋಡೆ ತೆಳು. ಆದರೆ ಕೊತಾತ್ಸು ಅಂತ ಒಂದು ಗಿಡ್ಡ ಮೇಜು, ಕೆಳಗೆ ಹೀಟರ್, ಮೇಲೆ ದಪ್ಪ ರಜಾಯಿ ಇರುತ್ತದೆ. ಅದರಲ್ಲಿ ಕಾಲು ತೂರಿಸಿ ಕೂತರೆ ಯಜಮಾನರು ಎದ್ದು ಬರುವುದೇ ಕಷ್ಟ.

ಹೊಸ ವರ್ಷವೇ ಅವರ ದೊಡ್ಡ ಹಬ್ಬ. ಡಿಸೆಂಬರ್ ಕೊನೆಯಲ್ಲಿ ಮನೆ ಗುಡಿಸಿ ತೊಳೆದು, 31ರ ರಾತ್ರಿ ಸೋಬಾ ಶಾವಿಗೆ ತಿನ್ನುತ್ತಾರೆ. ಸಸ್ಯಾಹಾರಿಗಳಾದರೆ ಹುಷಾರು, ತಿಳಿಸಾರಿಗೆ ಒಣಮೀನು ಹಾಕಿರುತ್ತಾರೆ, ಮಗಳ ಕೈಯಲ್ಲಿ ಮನೆಯಲ್ಲೇ ಮಾಡಿಸಿ. ನಡುರಾತ್ರಿ ಬೌದ್ಧ ದೇವಸ್ಥಾನಗಳಲ್ಲಿ 108 ಗಂಟೆ. ಜಪಮಾಲೆಯ ಅದೇ 108. ಸಾಮಾನ್ಯವಾಗಿ 107 ಹಳೆಯ ವರ್ಷದಲ್ಲಿ, ಕೊನೆಯ ಒಂದು ಹೊಸದರಲ್ಲಿ. ಸಣ್ಣ ದೇವಸ್ಥಾನಗಳಲ್ಲಿ ಸಾಲು ನಿಂತರೆ ನಿಮಗೂ ಬಾರಿಸಲು ಬಿಡುತ್ತಾರೆ. ಮೊದಲ ದಿನಗಳಲ್ಲಿ ಏಳು ಅದೃಷ್ಟ ದೇವರ ಗುಡಿ ಸುತ್ತುವ ರೂಢಿ ಇದೆ. ಆ ಏಳರಲ್ಲಿ ಒಬ್ಬಳೇ ಹೆಣ್ಣುದೇವತೆ, ಕೈಯಲ್ಲಿ ತಂತಿವಾದ್ಯ, ಹೆಸರು ಬೆನ್‌ಜೈತೆನ್. ಅವಳು ನಮ್ಮ ಸರಸ್ವತಿ. ಟೀಚರ್ ಆಗಿದ್ದವರು ಒಂದು ಕೈ ಮುಗಿದು ಬನ್ನಿ. ನಾಗೋಯಾದ ಅತ್ಸುತಾ ದೇವಸ್ಥಾನಕ್ಕೆ ಮಾತ್ರ ಜನವರಿ 1ರಂದು ಹೋಗಬೇಡಿ, ಲಕ್ಷಗಟ್ಟಲೆ ಜನ. 4ನೇ ತಾರೀಖು ಬೆಳಿಗ್ಗೆ ಹೋದರೆ ಆಯಿತು, ದೇವರು ಅಲ್ಲೇ ಇರುತ್ತಾನೆ.

ವಾಪಸ್ ವಿಮಾನ ಟೋಕಿಯೊದಿಂದ ಆದರೆ ಬುಲೆಟ್ ರೈಲಿನ ಟಿಕೆಟ್ ಒಂದು ತಿಂಗಳು ಮೊದಲೇ ತೆಗೆಯಲು ಅಳಿಯನಿಗೆ ಹೇಳಿ. ಹೊಸ ವರ್ಷದ ಆಚೀಚೆ ನೊಝೊಮಿ ರೈಲಿನಲ್ಲಿ ಎಲ್ಲ ಸೀಟೂ ರಿಸರ್ವ್, ಸುಮ್ನೆ ಹತ್ತಿ ಕೂರುವ ಬೋಗಿಯೇ ಇರುವುದಿಲ್ಲ. ನಾಗೋಯಾದ ಚುಬು ನಿಲ್ದಾಣದಿಂದಲೇ ಹೊರಡುವ ವಿಮಾನ ಸಿಕ್ಕರೆ ಈ ತಾಪತ್ರಯವೇ ಇಲ್ಲ.